ಜಾತ್ರೆ ಮುಗಿದ ಮೇಲೆ ಮೆಟಲ್ ಡಿಟೆಕ್ಟರ್ ಎಲ್ಲಿಡ್ತೀರಾ?

ಸಂಪಾದಕರಿಗೆ ನಮಸ್ಕಾರ,

ನಾನು ಕೋಲಾರದಲ್ಲಿ ರೇಡಿಯೋ ಟಿವಿ ರಿಪೇರಿ ಅಂತ ಬೋರ್ಡ್ ಹಾಕ್ಕೊಂಡು 30 ವರ್ಷದ ಮೇಲಾಯ್ತು. ಈಗ ರೇಡಿಯೋ ಯಾರೂ ತರಲ್ಲ, ಟಿವಿನೂ ಕಮ್ಮಿ, ಯುಪಿಎಸ್ಸು, ಸಿಸಿಟಿವಿ, ಮಿಕ್ಸಿ, ದೇವಸ್ಥಾನಗಳ ಮೈಕ್ ಸೆಟ್ಟು ಇವೇ ನಮ್ಮನೆ ಒಲೆ ಉರಿಸ್ತಿರೋದು. ಇದರ ಜೊತೆಗೆ ಒಂದು ಹತ್ತು ಹನ್ನೆರಡು ವರ್ಷದಿಂದ ಇನ್ನೊಂದು ಐಟಂ ಸೇರ್ಕೊಂಡಿದೆ, ಮೆಟಲ್ ಡಿಟೆಕ್ಟರು. ಅದೇ, ಜಾತ್ರೆಲಿ ಪೊಲೀಸ್ನೋರು ವಾಲಂಟಿಯರ್ಸು ಮೈ ಮೇಲೆ ಆಡಿಸ್ತಾರಲ್ಲ ಆ ಕೈ ಮಿಷನ್ನು, ಆಮೇಲೆ ದೇವಸ್ಥಾನದ ಮುಂದೆ ಬಾಗಿಲಿಲ್ಲದ ಬಾಗಿಲು ಚೌಕಟ್ಟು ಥರ ನಿಲ್ಸಿರ್ತಾರಲ್ಲ ಅದು. ನಮ್ಮ ಕಡೆ ಜನ ಎರಡಕ್ಕೂ ಸೇರಿಸಿ ಪೀ ಪೀ ಮಿಷನ್ನು ಅಂತಾರೆ.

ಮೊನ್ನೆ ನಿಮ್ಮ ಪೇಪರ್ನಲ್ಲಿ ಒಂದು ಜಾತ್ರೆ ಫೋಟೋ ಬಂದಿತ್ತು. ಯಾವ ಊರು ಅಂತ ನಾನು ಹೇಳಲ್ಲ, ಅವರ ಮಿಷನ್ನೇ ನಾಳೆ ನನ್ನ ಅಂಗಡಿಗೆ ಬರ್ಬೋದು. ಫೋಟೋದಲ್ಲಿ ಬಾಗ್ಲು ಮಿಷನ್ ಇದೆ, ಅದಕ್ಕೆ ಎರಡು ಕಡೆ ಬಾಳೆಕಂದು ಕಟ್ಟಿ ಮೇಲೆ ಚೆಂಡು ಹೂವಿನ ಹಾರ ಬಿಟ್ಟಿದಾರೆ, ಜನ ಸಾಲಾಗಿ ಒಳಗೆ ಹೋಗ್ತಿದಾರೆ, ಒಬ್ಬ ಯಜಮಾನ್ರ ಕೈಯಲ್ಲಿ ಹಿತ್ತಾಳೆ ತಟ್ಟೆ ಬೇರೆ ಇದೆ, ಆದ್ರೆ ಮಿಷನ್ ಮೇಲಿರೋ ಲೈಟಲ್ಲಿ ಒಂದೂ ಉರೀತಿಲ್ಲ! ನೋಡಿದೋರು ಹೂವು ನೋಡಿರ್ತಾರೆ, ನಾನು ಲೈಟ್ ನೋಡ್ದೆ, ಏನ್ಮಾಡೋದು ಕಸುಬಿನ ಬುದ್ಧಿ. ಅವತ್ತಿಂದ ಬರೀಬೇಕು ಬರೀಬೇಕು ಅಂದ್ಕೊಂಡು ಇವತ್ತು ಅಂಗಡೀಲಿ ಕರೆಂಟ್ ಇಲ್ದೇ ಇರೋವಾಗ ಮೊಬೈಲಲ್ಲೇ ಟೈಪ್ ಮಾಡ್ತಿದೀನಿ, ತಪ್ಪು ಒಪ್ಪು ನೀವೇ ತಿದ್ಕೊಳ್ಳಿ.

ನಾನು ಹೇಳ್ಬೇಕಾಗಿರೋದು ಒಂದೇ ಮಾತು. ಈ ಮಿಷನ್ನುಗಳು ಬಳಸಿ ಬಳಸಿ ಕೆಡಲ್ಲ. ವರ್ಷಕ್ಕೆ ಹತ್ತು ದಿನ ಕೆಲಸ ಮಾಡಿ ಮುನ್ನೂರೈವತ್ತು ದಿನ ಬೀರುವಿನಲ್ಲಿ ಬಿದ್ದಿರ್ತಾವಲ್ಲ, ಅಲ್ಲಿ ಕೆಡ್ತವೆ.

ನಮ್ಮ ಜಿಲ್ಲೆ ಲೆಕ್ಕ ನಿಮಗೇ ಗೊತ್ತು. ಶಿವರಾತ್ರಿಗೆ ಶುರು, ಅಂತರಗಂಗೆ, ಆವಣಿ, ಕೋಟಿಲಿಂಗ ಎಲ್ಲಾ ಕಡೆ ಜನಸಾಗರ, ಆಮೇಲೆ ಯುಗಾದಿ, ರಾಮನವಮಿ, ಕರಗ, ಊರೂರಿನ ದೊಡ್ಡಮ್ಮ ಗಂಗಮ್ಮನ ಜಾತ್ರೆ. ಮುಂಗಾರು ಬಿದ್ದು ಜನ ಹೊಲದ ಕಡೆ ತಿರುಗಿದ್ರೆ ಅಲ್ಲಿಗೆ ಸೀಸನ್ ಕ್ಲೋಸ್. ಶಾಮಿಯಾನ ಬಿಚ್ತಾರೆ, ಪಾತ್ರೆ ಲೆಕ್ಕ ಮಾಡ್ತಾರೆ, ಒಂದು ಸೌಟು ಕಮ್ಮಿ ಬಂದ್ರೂ ಅಡುಗೆ ಭಟ್ಟರನ್ನ ನಿಲ್ಲಿಸಿ ಕೇಳ್ತಾರೆ. ಆದ್ರೆ ಡಿಟೆಕ್ಟರನ್ನ ಹಂಗೇ ಹಗ್ಗ, ಬಕೆಟ್ಟು, ಸೀರಿಯಲ್ ಸೆಟ್ಟು ಜೊತೆ ಒಂದು ಗೋಣಿಚೀಲಕ್ಕೆ ತುಂಬಿ ಸಜ್ಜೆ ಮೇಲೆ ಒಗೀತಾರೆ. ಒಳಗೆ ಸೆಲ್ ಹಂಗೇ ಇರುತ್ತೆ.

ಈ ಸಲ ಶಿವರಾತ್ರಿಗೆ ಎರಡು ದಿನ ಇರೋವಾಗ ಒಂದು ಕಮಿಟಿಯಿಂದ ಒಬ್ಬರು ಬಂದ್ರು, ಹಳೇ ಪರಿಚಯ. ಚೀಲದಿಂದ ಮೂರು ಕೈ ಮಿಷನ್ ತೆಗೆದು ಟೇಬಲ್ ಮೇಲಿಟ್ರು.

"ಅಣ್ಣಾ, ಮೂರೂ ಸತ್ತೋಗವೆ. ಹೋದ ವರ್ಷ ಎಷ್ಟ್ ಚೆನ್ನಾಗಿದ್ವು ಗೊತ್ತಾ, ಸೊಂಟದ ಉಡ್ದಾರದ ತಾಯತಕ್ಕೂ ಕೂಗೋವು."

"ಸೆಲ್ ತೆಗೆದಿಟ್ಟಿದ್ಯೇನಪ್ಪಾ?"

"ಯಾಕ್ ತೆಗೀಬೇಕು, ಆಫ್ ಮಾಡೇ ಇಟ್ಟಿದ್ವಲ್ಲ!"

ಇದೇ ಉತ್ತರ, ಪ್ರತಿ ವರ್ಷ, ಪ್ರತಿಯೊಬ್ಬರದ್ದೂ. ಮೊದಲನೇದ್ರ ಮುಚ್ಚಳ ಉಗುರಲ್ಲಿ ಎತ್ತಿದ್ರೆ ಬರಲಿಲ್ಲ, ಸ್ಕ್ರೂ ಡ್ರೈವರ್ ಹಾಕಿ ಮೀಟಿದೆ, ಪಟ್ ಅಂತ ಬಂತು, ಜೊತೆಗೆ ಬಿಳೀ ಪುಡಿ ಉದುರ್ತು, ಸುಣ್ಣದ ಡಬ್ಬಿ ತಳ ಕೆರೆದ ಹಂಗೆ. ಒಳಗಿದ್ದ 9 ವೋಲ್ಟಿನ ಚೌಕ ಸೆಲ್ಲು ಹೊಟ್ಟೆ ಉಬ್ಬಿ ಅಲ್ಲೇ ಕಚ್ಕೊಂಡಿದೆ. ಎಳೆದ್ರೆ ಸೆಲ್ ಬರೋ ಬದಲು ಅದರ ತಲೆ ಮೇಲಿನ ಕ್ಯಾಪು, ಕೆಂಪು ಕಪ್ಪು ವೈರ್ ಸಮೇತ ಕಿತ್ತು ಕೈಗೆ ಬಂತು. ಆ ವೈರ್ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹೆರೆದು ನೋಡಿದೆ, ಎರಡು ಇಂಚು ಒಳಗಿನವರೆಗೂ ತಾಮ್ರ ಹಸಿರು ತಿರುಗಿದೆ. ದೇವರ ಮನೆ ತಾಮ್ರದ ಚೊಂಬಿಗೆ ಹಿಡಿಯುತ್ತಲ್ಲ, ಅದೇ ಕಿಲುಬು. ಹಂಗೆ ಹಿಡಿದ ಮೇಲೆ ಅದಕ್ಕೆ ಎಷ್ಟು ಲೆಡ್ ಇಟ್ರೂ ಸಾಲ್ಡರಿಂಗ್ ಕೂರಲ್ಲ, ಮುತ್ತು ಥರ ಉರುಳಿ ಹೋಗುತ್ತೆ. ಮೂರರಲ್ಲಿ ಎರಡು ಬದುಕಿದ್ವು, ಒಂದ್ರ ಒಳಗಿನ ಸರ್ಕ್ಯೂಟ್ ಬೋರ್ಡ್ ಮೇಲಿನ ತಾಮ್ರದ ಗೆರೆಗಳನ್ನೇ ಸೆಲ್ಲಿಂದ ಸೋರಿದ ರಸ ತಿಂದುಬಿಟ್ಟಿತ್ತು, ಅದನ್ನ ಬಿಸಾಕಿ ಅಂದೆ. ಭಕ್ತರು ಹುಂಡಿಗೆ ಹಾಕಿದ ದುಡ್ಡಲ್ಲವಾ ಅದು, ನೂರು ರೂಪಾಯಿ ಸೆಲ್ ತೆಗೆಯೋ ಸೋಮಾರಿತನಕ್ಕೆ ಎರಡು ಸಾವಿರದ ಮಿಷನ್ನು ಕಸದ ಬುಟ್ಟಿಗೆ.

ಆಫ್ ಮಾಡಿದ್ವಲ್ಲ ಅನ್ನೋರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಸೆಲ್ಲು ಅನ್ನೋದು ಕಲ್ಲಲ್ಲ, ಒಳಗೆ ರಸಾಯನ ಇದೆ, ನೀವು ಸ್ವಿಚ್ ಹಾಕಿದ್ರೂ ಹಾಕ್ದೇ ಇದ್ರೂ ಅದರ ಪಾಡಿಗೆ ಅದು ಸ್ವಲ್ಪ ಸ್ವಲ್ಪ ಸವೀತಾನೇ ಇರುತ್ತೆ. ಕಮ್ಮಿ ರೇಟಿನ ಸೆಲ್ಲಲ್ಲಿ ಹೊರಗಿನ ಸತುವಿನ ಡಬ್ಬಿನೇ ಖರ್ಚಾಗೋ ವಸ್ತು, ಅದು ತೆಳ್ಳಗಾಗಿ ತೂತು ಬಿದ್ರೆ ಒಳಗಿನ ರಸ ಆಚೆ. ದುಬಾರಿ ಆಲ್ಕಲೈನ್ ಸೆಲ್ಲಿಗೆ ಈ ರೋಗ ಇಲ್ಲ ಅಂದ್ಕೋಬೇಡಿ, ಅದು ಪೂರ್ತಿ ಇಳಿದ ಮೇಲೆ ಒಳಗೆ ಗ್ಯಾಸ್ ತುಂಬಿ ಒತ್ತಡಕ್ಕೆ ಸೀಲ್ ಬಿಟ್ಕೊಳ್ಳುತ್ತೆ, ಬರೋದು ಪೊಟ್ಯಾಸಿಯಂ ಹೈಡ್ರಾಕ್ಸೈಡು, ಕ್ಷಾರ, ಗಾಳಿ ತಾಕಿದ ಮೇಲೆ ಅದೇ ಆ ಬಿಳೀ ಪುಡಿ ಆಗೋದು. ಇನ್ನೊಂದು, ಈಗಿನ ಎಷ್ಟೋ ಮಿಷನ್ನಲ್ಲಿ ಹಳೇ ಕಾಲದ ಟಕ್ ಅನ್ನೋ ಸ್ವಿಚ್ಚೇ ಇಲ್ಲ, ಒತ್ತೋ ಬಟನ್ನು, ಆಫ್ ಆದ್ರೂ ಒಳಗೆ ಒಂದು ಚೂರು ಕರೆಂಟ್ ಎಳೀತಾನೇ ಇರುತ್ತೆ. ಒಂದು ವಾರಕ್ಕೆ ಏನೂ ಆಗಲ್ಲ, ಹನ್ನೊಂದು ತಿಂಗಳಿಗೆ ಸೆಲ್ಲನ್ನ ಪೂರ್ತಿ ಹೀರಿ ಹಾಕೋಕೆ ಅದು ಸಾಕು.

ಈಗಾಗಲೇ ಸೋರಿದ್ರೆ ಏನ್ಮಾಡೋದು ಅಂತಾನೂ ಕೇಳ್ತಾರೆ. ಆಲ್ಕಲೈನ್ ಆದ್ರೆ ಅದು ಕ್ಷಾರ ಅಲ್ವಾ, ಹತ್ತಿ ಕಡ್ಡಿಗೆ ನಿಂಬೆರಸನೋ ವಿನಿಗರ್ರೋ ಒಂದು ಚೂರು ಅದ್ದಿ ಒರೆಸಿ, ಬುಸ್ ಅಂತ ನೊರೆ ಬರುತ್ತೆ, ನಿಂತ ಮೇಲೆ ಒದ್ದೆ ಬಟ್ಟೇಲಿ ಆ ಹುಳಿ ತೆಗೆದು ಪೂರ್ತಿ ಒಣಗಿಸಿ. ಹಳೇ ಥರದ ಅಗ್ಗದ ಸೆಲ್ಲಿನ ರಸ ಮಾತ್ರ ಹುಳಿ ಜಾತಿ, ಅದಕ್ಕೆ ಅಡುಗೆ ಸೋಡ. ಬರೀ ಕೈಯಲ್ಲಿ ಮುಟ್ಬೇಡಿ, ಕಣ್ಣಂತೂ ಉಜ್ಕೊಳ್ಳೇಬೇಡಿ, ಬಾಯಲ್ಲಿ ಉಫ್ ಅಂತ ಊದೋದು ಬೇಡ, ನಾನೇ ಹುಡುಗನಾಗಿದ್ದಾಗ ಊದಿ ಕಣ್ಣಿಗೆ ಬಿದ್ದು ಅರ್ಧ ದಿನ ನಲ್ಲಿ ಕೆಳಗೆ ಮುಖ ಒಡ್ಕೊಂಡು ಕೂತಿದ್ದೆ. ತೆಗೆದ ಒಳ್ಳೇ ಸೆಲ್ಲನ್ನ ಬೀರು ಕೀ, ಚಿಲ್ಲರೆ ಕಾಸು ಇರೋ ಡಬ್ಬಿಗೆ ಹಾಕ್ಬೇಡಿ, 9 ವೋಲ್ಟ್ ಸೆಲ್ಲಿಗೆ ಪ್ಲಸ್ಸು ಮೈನಸ್ಸು ಎರಡೂ ತಲೆ ಮೇಲೇ ಇರೋದು, ಒಂದು ಕಾಸು ಅಡ್ಡ ಬಿದ್ರೆ ಶಾರ್ಟ್ ಆಗಿ ಬಿಸಿ ಆಗುತ್ತೆ, ಹತ್ರ ಕಾಗದ ಗೀಗದ ಇದ್ರೆ ಹೊತ್ಕೊಳ್ಳೋದೂ ಉಂಟು. ತಲೆ ಮೇಲೆ ಒಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿ ಇಟ್ರೆ ಮುಗೀತು.

ಬಾಗ್ಲು ಮಿಷನ್ನಿನ ಕಥೆ ಬೇರೆ. ಅದು ಕರೆಂಟಲ್ಲಿ ಓಡೋದು, ಆದ್ರೆ ಕರೆಂಟ್ ಹೋದ್ರೆ ಅಂತ ಕೆಲವಕ್ಕೆ ಒಳಗೆ ಬ್ಯಾಟರಿ ಇರುತ್ತೆ, ನಮ್ಮ ಯುಪಿಎಸ್ಸಲ್ಲಿ ಇರೋ ಅದೇ 12 ವೋಲ್ಟಿನ ಸೀಲ್ಡ್ ಬ್ಯಾಟರಿ. ಇದು ಸೀಸದ್ದು, ಇದಕ್ಕೆ ಉಪವಾಸ ಆಗ್ಬರಲ್ಲ. ಚಾರ್ಜ್ ಇಲ್ದೆ ತಿಂಗಳುಗಟ್ಟಲೆ ಬಿಟ್ರೆ ಪ್ಲೇಟ್ ಮೇಲೆ ಸಲ್ಫೇಟ್ ಕಟ್ಟಿ ಗಟ್ಟಿ ಆಗಿಬಿಡುತ್ತೆ, ಆಮೇಲೆ ನೀವು ಮೂರು ದಿನ ಚಾರ್ಜಿಗೆ ಹಾಕಿದ್ರೂ ಐದು ನಿಮಿಷಕ್ಕೆ ಕೈ ಎತ್ತುತ್ತೆ. ತಿಂಗಳಿಗೋ ಎರಡು ತಿಂಗಳಿಗೋ ಒಂದ್ಸಲ ರಾತ್ರಿ ಪ್ಲಗ್ ಹಾಕಿ ಬೆಳಿಗ್ಗೆ ತೆಗೀರಿ, ಹುಣ್ಣಿಮೆ ಪೂಜೆಗೆ ಹೆಂಗೂ ದೇವಸ್ಥಾನಕ್ಕೆ ಬರ್ತೀರಲ್ಲ ಅವತ್ತೇ ಹಾಕಿ. ಲಿಥಿಯಂ ಬ್ಯಾಟರಿ ಇರೋ ಹೊಸ ಮಾಡೆಲ್ಲಾದ್ರೆ ಇದಕ್ಕೆ ಉಲ್ಟಾ, ಫುಲ್ ತುಂಬಿಸಿಟ್ರೂ ಕೆಡುತ್ತೆ ಪೂರ್ತಿ ಖಾಲಿ ಮಾಡಿಟ್ರೂ ಕೆಡುತ್ತೆ, ಅರ್ಧ ಚಾರ್ಜಲ್ಲಿ ಇಟ್ಟು ಮೂರು ತಿಂಗಳಿಗೊಮ್ಮೆ ನೋಡ್ಕೊಂಡ್ರೆ ಸಾಕು.

ಆ ಎರಡು ಕಂಬಗಳನ್ನ ಬಿಚ್ಚಿ ಮಲಗಿಸಿ ಮೇಲೆ ಶಾಮಿಯಾನದ ಕಬ್ಬಿಣದ ಪೈಪ್ ಪೇರಿಸೋದನ್ನ ನಾನೇ ಕಣ್ಣಾರೆ ನೋಡಿದೀನಿ. ಆ ಕಂಬದೊಳಗೆ ಏನಿದೆ ಅಂದ್ಕೊಂಡಿದೀರಾ, ಬರೀ ಹಲಗೆ ಅಲ್ಲ, ಉದ್ದಕ್ಕೂ ತಂತಿ ಸುತ್ತಿರೋ ಕಾಯಿಲ್ ಇದೆ, ಒಂದು ಕಡೆಯಿಂದ ಅಲೆ ಬಿಡೋದು ಇನ್ನೊಂದು ಕಡೆ ಹಿಡಿಯೋದು, ಅದು ಬಾಗಿದ್ರೆ ಲೆಕ್ಕ ಎಲ್ಲಾ ತಪ್ಪುತ್ತೆ. ನೆಟ್ಟಗೆ ಗೋಡೆಗೆ ಒರಗಿಸಿ ನಿಲ್ಲಿಸಿ, ಕೆಳಗೆ ಎರಡು ಇಟ್ಟಿಗೆ ಕೊಡಿ, ನೆಲದ ಶೀತ ಹತ್ತಬಾರದು. ಮತ್ತೆ ಬಿಚ್ಚಿದ ಸ್ಕ್ರೂಗಳು! ಹದಿನಾರು ಇರಬೇಕಾದ ಕಡೆ ಒಂಬತ್ತು ತರ್ತಾರೆ, ಉಳಿದಿದ್ದಕ್ಕೆ ಬಾಗಿಲಿನ ಮೊಳೆ ಹೊಡೆದಿರ್ತಾರೆ, ಲೋಹ ಹುಡುಕೋ ಮಿಷನ್ನಿಗೆ ಮೊಳೆ ಹೊಡೆಯೋದು ಅಂದ್ರೆ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಒಂದು ಹಾಲಿನ ಕವರ್ ತೊಳೆದು ಒಣಗಿಸಿ ಸ್ಕ್ರೂ ಎಲ್ಲಾ ಹಾಕಿ ಅದೇ ಕಂಬಕ್ಕೆ ದಾರದಲ್ಲಿ ಕಟ್ಟಿಬಿಡಿ ಸ್ವಾಮಿ.

ಇಲ್ಲಿ ನಮ್ಮಪ್ಪನ ವಿಷಯ ಒಂದು ಬರೀಲೇಬೇಕು. ಅವರು ಕೆಜಿಎಫ್ ಮೈನ್ಸಲ್ಲಿ ಇದ್ದೋರು, 2001ರ ಫೆಬ್ರವರಿ 28ಕ್ಕೆ ಮೈನ್ ಮುಚ್ಚೋಕೆ ತುಂಬಾ ಮುಂಚೆನೇ ರಿಟೈರ್ ಆದ್ರು. ಕೆಳಗೆ ಮೂರು ಕಿಲೋಮೀಟರ್ ಆಳದವರೆಗೂ ತೋಡಿದ್ದ ಗಣಿ ಅದು, ಅಲ್ಲಿ ತಲೆ ಮೇಲಿನ ದೀಪ ಆರಿದ್ರೆ ಮನುಷ್ಯ ಇದ್ದೂ ಇಲ್ಲದ ಲೆಕ್ಕ. ಅಪ್ಪ ಹೇಳೋರು, ಶಿಫ್ಟ್ ಮುಗಿಸಿ ಮೇಲೆ ಬಂದ ತಕ್ಷಣ ಎಷ್ಟೇ ಸುಸ್ತಾಗಿರಲಿ ಮೊದಲು ಲ್ಯಾಂಪ್ ರೂಮಿಗೆ ಹೋಗ್ಬೇಕು, ನಿನ್ನ ನಂಬರಿನ ದೀಪ ನಿನ್ನ ನಂಬರಿನ ಜಾಗದಲ್ಲೇ ಚಾರ್ಜಿಗೆ ಹಾಕ್ಬೇಕು, ಬಿಲ್ಲೆ ವಾಪಸ್ ಕೊಡ್ಬೇಕು, ಆಮೇಲೆ ಟೀ ಬೀಡಿ ಏನಿದ್ರೂ. ಒಂದು ಜಾಗ ಖಾಲಿ ಇದ್ರೆ ಅಲ್ಲಿರೋನಿಗೆ ಗೊತ್ತಾಗ್ತಿತ್ತು, ಯಾರೋ ಒಬ್ಬ ಇನ್ನೂ ಮೇಲೆ ಬಂದಿಲ್ಲ ಅಂತ. ಮನೇಲೂ ಹಂಗೇ ಇದ್ರು, ಮೂರು ಸೆಲ್ಲಿನ ಟಾರ್ಚ್ ಒಂದು ಮೊಳೆಗೆ ನೇತು ಹಾಕಿರ್ತಿದ್ರು, ಬೇಸಿಗೇಲಿ ಊರಿಗೆ ಹೋಗೋವಾಗ ಸೆಲ್ ತೆಗೆದು ಪಕ್ಕದಲ್ಲೇ ಕಾಗದದಲ್ಲಿ ಸುತ್ತಿಟ್ಟು ಹೋಗೋರು. ಆ ಟಾರ್ಚ್ ಇವತ್ತಿಗೂ ನನ್ನ ಅಂಗಡೀಲಿ ಉರಿಯುತ್ತೆ, ಬಂದೋರಿಗೆಲ್ಲ ಅದನ್ನೇ ಹಾಕಿ ತೋರಿಸ್ತೀನಿ.

ನಮ್ಮ ಕಮಿಟಿಗಳಲ್ಲಿ ಈ ನಂಬರ್ರೂ ಇಲ್ಲ ಮೊಳೆನೂ ಇಲ್ಲ. ಮಿಷನ್ನು ಎಲ್ಲರದ್ದು, ಅಂದ್ರೆ ಯಾರದ್ದೂ ಅಲ್ಲ. ಹಳೇ ಕಮಿಟಿ ಹೋಗಿ ಹೊಸ ಕಮಿಟಿ ಬಂದ್ರೆ ಬೀರು ಕೀ ಮಾತ್ರ ಕೈ ಬದಲಾಗುತ್ತೆ, ಬೀರು ಒಳಗೆ ಏನಿದೆ ಅಂತ ಪಟ್ಟಿ ಇರಲ್ಲ. ಮಿಷನ್ನಿಗೆ ಪೇಂಟಲ್ಲಿ ಒಂದು ನಂಬರ್ ಬರೆದು, ಒಂದು ನೋಟ್ ಬುಕ್ಕಲ್ಲಿ ಸೆಲ್ ತೆಗೆದ ತಾರೀಖು, ಇಟ್ಟವರ ಹೆಸರು, ಅಷ್ಟು ಬರೆಸಿ ಅಂತ ನಾನು ಹೇಳಿದ್ರೆ "ಇದಕ್ಕೆಲ್ಲಾ ಒಂದು ರಿಜಿಸ್ಟ್ರಾ ಅಣ್ಣಾ" ಅಂತ ನಗ್ತಾರೆ. ಸೌಟಿಗೆ ರಿಜಿಸ್ಟರ್ ಇದೆ ಸ್ವಾಮಿ, ಜನರ ಜೀವದ ಮಿಷನ್ನಿಗೆ ಇರಬಾರದಾ.

ಇನ್ನೊಂದು ಥರದ ಡಿಟೆಕ್ಟರ್ ಇದೆ, ಉದ್ದ ಕೋಲು, ತುದೀಲಿ ದೋಸೆ ಕಲ್ಲಿನ ಥರ ದುಂಡಗಿನ ಕಾಯಿಲು, ನೆಲದ ಮೇಲೆ ಆಡಿಸೋದು. ನನಗೆ ಗೊತ್ತಿರೋ ಒಬ್ಬ ನೀರಿನ ಲೈನ್ ಕಾಂಟ್ರಾಕ್ಟರ್ ಹತ್ರ ಇದೆ, ಡಾಂಬರ್ ಹಾಕೋರು ರೋಡ್ ಜೊತೆ ವಾಲ್ವಿನ ಕಬ್ಬಿಣದ ಮುಚ್ಚಳನೂ ಮುಚ್ಚಿ ಹೋಗಿರ್ತಾರಲ್ಲ, ಅದನ್ನ ಹುಡುಕೋಕೆ. ಬೇಸಿಗೇಲಿ ನೀರಿನ ಗಲಾಟೆ ಇರೋವಾಗ ದಿನಾ ಕೆಲಸ, ಮಳೆಗಾಲದಲ್ಲಿ ಅವರ ಜೀಪಿನ ಹಿಂದಿನ ಸೀಟಲ್ಲಿ ಬಿದ್ದಿರುತ್ತೆ. ಗಾಜು ಏರಿಸಿದ ಗಾಡಿ ಬಿಸಿಲಿಗೆ ಒಲೆ ಥರ ಕಾಯುತ್ತೆ, ಅಲ್ಲಿ ಬ್ಯಾಟರಿ ಇರೋ ಯಾವುದನ್ನೂ ಇಡಬಾರದು. ಅವರು ಒಂದ್ಸಲ ತಂದು "ಸುಮ್ ಸುಮ್ನೆ ಬಡ್ಕೊಳ್ಳುತ್ತೆ ನೋಡು" ಅಂದ್ರು. ಕಾಯಿಲ್ ಕೆಳಗೊಂದು ಪ್ಲಾಸ್ಟಿಕ್ ಕವಚ ಇರುತ್ತೆ, ತಟ್ಟೆಗೆ ತಟ್ಟೆ ಮುಚ್ಚಿದ ಹಂಗೆ. ಅದನ್ನ ಬಿಚ್ಚಿದೆ, ಒಂದು ಹಿಡಿ ಕೆಮ್ಮಣ್ಣು ಗಟ್ಟಿಯಾಗಿ ಕೂತಿದೆ. ನಮ್ಮ ಮಣ್ಣು ಕೆಂಪಗಿರೋದೇ ಕಬ್ಬಿಣದ ಅಂಶದಿಂದ ಅಲ್ವಾ, ಮಿಷನ್ನು ಪಾಪ ತನ್ನ ಕಾಲಿಗೆ ಅಂಟಿರೋ ಕಬ್ಬಿಣಾನೇ ಹುಡುಕ್ತಾ ಬಡ್ಕೊಳ್ತಿತ್ತು. ಒದ್ದೆ ಬಟ್ಟೆ, ಒಂದು ಚೂರು ಸೋಪು, ನೆರಳಲ್ಲಿ ಒಣಗಿಸೋದು, ಇಷ್ಟೇ ವೈದ್ಯ. ಅವರ ಹುಡುಗ ಅದಕ್ಕೆ ಮುಂಚೆ ಪೆಟ್ರೋಲ್ ಹಾಕಿ ಉಜ್ಜಿದ್ದ, ಪ್ಲಾಸ್ಟಿಕ್ ಮೇಲೆ ಬಿಳೀ ಬಿರುಕು ಬಿಟ್ಟಿತ್ತು, ತಿನ್ನರ್ರು ಪೆಟ್ರೋಲು ಹತ್ರ ತರ್ಬೇಡಿ.

ಆ ಕೋಲಿಗೆ ಸುತ್ತಿರೋ ಕೇಬಲ್ಲನ್ನ ಬುಗುರಿ ದಾರ ಥರ ಬಿಗಿಯಾಗಿ ಸುತ್ತಿಡೋದು ಇನ್ನೊಂದು ದೊಡ್ಡ ತಪ್ಪು. ಕೇಬಲ್ಲು ಕಾಯಿಲ್ ಒಳಗೆ ಹೋಗೋ ಆ ಬಾಯಿ ಹತ್ರ ಎರಡು ಬೆರಳಷ್ಟು ಸಡಿಲ ಬಿಡಬೇಕು, ಅಲ್ಲೇ ಮುರಿಯೋದು, ಹೊರಗೆ ಏನೂ ಕಾಣಲ್ಲ, ಒಳಗಿನ ಕೂದಲೆಳೆ ಥರದ ತಂತಿ ಕಟ್ ಆಗಿರುತ್ತೆ. ಕೋಲಿನ ಲಾಕುಗಳನ್ನೂ ಸಡಿಲ ಮಾಡಿ ಬಿಚ್ಚಿ ಒರೆಸಿ ಇಡಿ, ಎಣ್ಣೆ ಹಚ್ಬೇಡಿ, ಎಣ್ಣೆಗೆ ಮರಳು ಅಂಟಿ ಮುಂದಿನ ವರ್ಷ ಇಬ್ಬರು ಹಿಡ್ಕೊಂಡು ಹಗ್ಗಜಗ್ಗಾಟ ಆಡ್ಬೇಕಾಗುತ್ತೆ.

ಈ ನೆಲದ ಡಿಟೆಕ್ಟರ್ ಅಂದ ತಕ್ಷಣ ನಮ್ಮ ಜಿಲ್ಲೇಲಿ ಒಂದೇ ಪ್ರಶ್ನೆ, ಅಣ್ಣಾ ಚಿನ್ನ ತೋರ್ಸುತ್ತಾ? ಕೋಲಾರದೋರಿಗೆ ಈ ರೋಗ ಸಹಜ ಬಿಡಿ. ಅಪ್ಪನ ಕಾಲದಲ್ಲೇ ಒಂದು ಟನ್ ಕಲ್ಲು ಪುಡಿ ಮಾಡಿದ್ರೆ ಕೆಲವೇ ಗ್ರಾಂ ಚಿನ್ನ ಸಿಗ್ತಿತ್ತು, ಅದೂ ಬೆಣಚು ಕಲ್ಲಿನೊಳಗೆ ಕಣ್ಣಿಗೆ ಕಾಣದ ಹಂಗೆ ಹರಡಿರೋದು, ಅದಕ್ಕೆ ಈ ಕೋಲು ಪೀ ಅನ್ನಲ್ಲ. ನಿಧಿ ಹುಚ್ಚಿನೋರು ಇನ್ನೊಂದು ಜಾತಿ, ಅಮಾವಾಸ್ಯೆ ಹತ್ರ ಬಂದ್ರೆ ಒಂದು ರಾತ್ರಿಗೆ ಬಾಡಿಗೆಗೆ ಸಿಗುತ್ತಾ ಅಂತ ಮೆಲ್ಲಗೆ ಕೇಳ್ತಾರೆ, ಕೈ ಮಿಷನ್ ಆದ್ರೂ ಪರವಾಗಿಲ್ಲ ಅಂತಾರೆ, ಅದು ನಾಲ್ಕು ಬೆರಳು ದೂರ ದಾಟಿದ್ರೆ ಏನೂ ಹೇಳಲ್ಲ ಅಂದ್ರೆ ನಂಬಲ್ಲ. ಬ್ರಿಟಿಷರು 1878ರಲ್ಲೇ ನಿಧಿಗೆ ಅಂತ ಕಾಯ್ದೆ ಮಾಡಿದ್ರು, ಹತ್ತು ರೂಪಾಯಿ ಮೇಲಿಂದು ನೆಲದಲ್ಲಿ ಸಿಕ್ರೂ ಕಲೆಕ್ಟರಿಗೆ ಬರೆದು ತಿಳಿಸ್ಬೇಕು ಅಂತ. ಕೋಲಾರಮ್ಮ, ಸೋಮೇಶ್ವರ, ಆವಣಿ ದೇವಸ್ಥಾನಗಳೆಲ್ಲ ಪುರಾತತ್ವ ಇಲಾಖೆ ರಕ್ಷಣೇಲಿರೋವು, ಅಲ್ಲಿ ಪಿಕಾಸಿ ಹಾಕಿದ್ರೆ ನೇರ ಕೇಸು. ಅದಕ್ಕೇ ಹೇಳೋದು, ಸೀಸನ್ ಇಲ್ಲದಾಗ ಜೋಪಾನ ಅಂದ್ರೆ ಶೀತದಿಂದ ಮಾತ್ರ ಅಲ್ಲ, "ಒಂದು ದಿನಕ್ಕೆ ಕೊಡಿ ಮಾಮ" ಅನ್ನೋ ನೆಂಟರಿಂದನೂ. ಬೀರುಗೆ ಹಾಕಿ ಬೀಗ ಜಡೀರಿ.

ಆ ಬೀರು ಎಲ್ಲಿರಬೇಕು? ನಮ್ಮಲ್ಲಿ ಜೋರು ಮಳೆ ಬರೋದು ಸೆಪ್ಟೆಂಬರ್ ಅಕ್ಟೋಬರಲ್ಲಿ, ಆ ಎರಡು ತಿಂಗಳು ಹಳೇ ದೇವಸ್ಥಾನದ ಕಲ್ಲು ಗೋಡೆ ಬೆವರುತ್ತೆ. ಅಂಥ ಗೋಡೆಗೆ ಬೀರು ಅಂಟಿಸಿ ಇಡಬೇಡಿ, ಗೇಣು ಜಾಗ ಬಿಡಿ. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬಿಗಿಯಾಗಿ ಗಂಟು ಹಾಕಿದ್ರೆ ಸೇಫು ಅಂದ್ಕೊಂಡಿರ್ತೀರಾ, ಒಳಗಿದ್ದ ತೇವ ಅಲ್ಲೇ ಸಿಕ್ಕಾಕ್ಕೊಂಡು ಬೆವರಾಗಿ ಬೋರ್ಡ್ ಮೇಲೇ ಕೂರುತ್ತೆ. ಹಳೇ ಪಂಚೆ ಸಾಕು, ಉಸಿರಾಡುತ್ತೆ. ಹೊಸ ಚಪ್ಪಲಿ ಡಬ್ಬಿಲಿ ಬರೋ ಆ ಪುಟ್ಟ ಸಿಲಿಕಾ ಜೆಲ್ ಪೊಟ್ಟಣ ಬಿಸಾಕ್ದೆ ಎರಡು ಮೂರು ಒಳಗಿಡಿ. ಅಕ್ಕಿ ಮೂಟೇಲಿ ಹೂತಿಡೋ ಐಡಿಯಾನೂ ಒಬ್ಬರು ಮಾಡಿದ್ರು, ಅಕ್ಕಿ ಧೂಳು, ನುಸಿ, ಆ ನುಸಿ ಹುಡುಕ್ಕೊಂಡು ಇರುವೆ, ಬಿಚ್ಚಿದ್ರೆ ಸ್ಪೀಕರ್ ತೂತಲ್ಲಿ ಇರುವೆ ಸಂಸಾರ. ಇಲಿಗೆ ಹೆದರಿ ನುಸಿ ಗುಳಿಗೆ ಹಾಕೋರು ಅದನ್ನ ಮಿಷನ್ನಿಗೆ ತಾಕಿಸ್ಬೇಡಿ, ಕೆಲವು ಪ್ಲಾಸ್ಟಿಕ್ಕನ್ನ ಅದು ಮೆತ್ತಗೆ ಮಾಡಿ ಅಂಟಂಟು ಮಾಡುತ್ತೆ. ಇಲಿಗೆ ಗಟ್ಟಿ ಬಾಗಿಲಿನ ಬೀರುವೇ ಮದ್ದು.

ಇದೆಲ್ಲಾ ಬರೀ ದೇವಸ್ಥಾನದೋರ ಸಮಸ್ಯೆ ಅಲ್ಲ. ಶ್ರೀನಿವಾಸಪುರದ ಮಾವಿನ ಹಣ್ಣು ಹೋಗೋ ಪಲ್ಪ್ ಫ್ಯಾಕ್ಟ್ರಿಗಳಲ್ಲೂ ಡಿಟೆಕ್ಟರ್ ಇರುತ್ತೆ, ಮೊಳೆ ಗಿಳೆ ಚೂರು ಡಬ್ಬಿಗೆ ಹೋಗ್ಬಾರದು ಅಂತ. ಮಾವಿನ ಸುಗ್ಗಿ ಎರಡು ಮೂರು ತಿಂಗಳು, ಮಿಕ್ಕಿದ್ದು ರಜೆ. ಒಂದು ಕಡೆ ಯುಪಿಎಸ್ ಕೆಲಸಕ್ಕೆ ಹೋದಾಗ ನೋಡಿದೆ, ಅಲ್ಲಿನ ಫಿಟ್ಟರ್ರು ಸೀಸನ್ ಮುಗಿದ ಸಂಜೇನೇ ಬೆಲ್ಟ್ ಸಡಿಲ ಮಾಡಿ, ಒರೆಸಿ, ಬಟ್ಟೆ ಹೊದಿಸಿ, ಪರೀಕ್ಷೆಗೆ ಇಡೋ ಕಬ್ಬಿಣದ್ದು, ಹಿತ್ತಾಳೆದು, ಸ್ಟೇನ್‌ಲೆಸ್ ಸ್ಟೀಲಿನದು ಮೂರು ಗುಂಡುಗಳನ್ನ ಡಬ್ಬಿಗೆ ಹಾಕಿ ಚೀಟಿ ಅಂಟಿಸಿದ್ರು. ಸ್ಟೀಲ್ ಹಿಡಿಯೋದೇ ಕಷ್ಟ ಅಂತೆ, ಅದಕ್ಕೆ ಅದರ ಗುಂಡು ಸ್ವಲ್ಪ ದಪ್ಪ. ಅಷ್ಟು ಅಚ್ಚುಕಟ್ಟು ನೋಡಿ ನನಗೆ ಅಪ್ಪನ ಲ್ಯಾಂಪ್ ರೂಮೇ ಕಣ್ಮುಂದೆ ಬಂತು.

ಕೊನೇದಾಗಿ ಸೀಸನ್ ಶುರು ಆಗೋ ಮುಂಚೆ ಟೆಸ್ಟ್ ಮಾಡೋ ವಿಷಯ. ಹಿಂದಿನ ದಿನ ರಾತ್ರಿ ಅಲ್ಲ, ಹದಿನೈದು ದಿನ ಮುಂಚೆ ಹೊಸ ಸೆಲ್ ಹಾಕಿ ನೋಡಿ, ಕೆಟ್ಟಿದ್ರೆ ನಮ್ಮಂಥೋರಿಗೂ ಉಸಿರಾಡೋಕೆ ಟೈಮ್ ಸಿಗುತ್ತೆ. ಆದ್ರೆ ಕಬ್ಬಿಣದ ಟೇಬಲ್ ಮೇಲಿಟ್ಟು ಟೆಸ್ಟ್ ಮಾಡಿ "ನಿಲ್ದೇ ಕೂಗ್ತಿದೆ, ಕೆಟ್ಟೋಗಿದೆ" ಅಂತ ತರಬೇಡಿ, ತಿಂಗಳಿಗೊಬ್ಬರು ಹಿಂಗೇ ಬರ್ತಾರೆ. ಬೇಜಾರು ಮಾಡ್ಕೋಬೇಡಿ, ಈ ತಪ್ಪು ದೊಡ್ಡ ದೊಡ್ಡೋರಿಗೂ ಆಗಿದೆ. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ 1881ರಲ್ಲಿ ಅಮೆರಿಕದ ಪ್ರೆಸಿಡೆಂಟ್ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ ಮೈಯೊಳಗಿನ ಗುಂಡು ಹುಡುಕೋಕೆ ಇಂಥದ್ದೇ ಒಂದು ಮಿಷನ್ ಕಟ್ಟಿ ತಗೊಂಡು ಹೋದ್ರು. ಗುಂಡು ಸಿಗಲಿಲ್ಲ. ರೋಗಿ ಮಲಗಿದ್ದ ಹಾಸಿಗೆ ಒಳಗೆ ಲೋಹದ ಸ್ಪ್ರಿಂಗ್ ಇತ್ತು, ಅದೂ ಮಿಷನ್ನಿನ ದಾರಿ ತಪ್ಪಿಸ್ತು, ಸಾಲ್ದು ಅಂತ ಡಾಕ್ಟರು ಗುಂಡು ಬಲಗಡೇನೇ ಇದೆ ಅಂತ ಹಟ ಹಿಡಿದು ಅಲ್ಲೇ ಹುಡುಕಿಸಿದ್ರು. ಹಂಗಾಗಿ ಮರದ ಬೆಂಚಿನ ಮೇಲೆ, ಕೈಯಲ್ಲಿರೋ ವಾಚು ಉಂಗುರ ತೆಗೆದು, ಐದು ರೂಪಾಯಿ ಕಾಯಿನ್ ಒಂದು ಅಡಿ ದೂರದಿಂದ ಮೆಲ್ಲಗೆ ತಂದು ಎಷ್ಟು ಹತ್ರ ಬಂದಾಗ ಕೂಗುತ್ತೆ ಅಂತ ನೋಡಿ, ಆ ಅಳತೆನ ಅದೇ ನೋಟ್ ಬುಕ್ಕಲ್ಲಿ ಬರೀರಿ, ಮುಂದಿನ ವರ್ಷ ಕಮ್ಮಿ ಆಗಿದ್ರೆ ಗೊತ್ತಾಗುತ್ತೆ.

ಆಯುಧ ಪೂಜೆ ದಿನ ಎಲ್ಲಾ ಮಿಷನ್ನಿಗೂ ಕುಂಕುಮ ಇಡ್ತೀವಲ್ಲ, ಆ ದಿನ ಬೀರು ಬಾಗಿಲು ತೆಗೆದು ಇದನ್ನೂ ಆಚೆ ತೆಗೀರಿ ಅಂತ ನಾನು ಗಿರಾಕಿಗಳಿಗೆ ಹೇಳ್ತಿರ್ತೀನಿ, ನಮ್ಮಲ್ಲಿ ಜೋರು ಮಳೆ ಬರೋ ಕಾಲದಲ್ಲೇ ಬರೋ ಹಬ್ಬ ಅದು. ಕುಂಕುಮ ಮಾತ್ರ ಸ್ಪೀಕರ್ ತೂತಿಗೆ ಬೀಳದ ಹಂಗೆ ಇಡಿ, ಹೋದ ವರ್ಷ ಒಂದ್ರಲ್ಲಿ ಬ್ರಷ್ ಹಾಕಿ ತೆಗೆಯೋಕೆ ಒಂದು ಗಂಟೆ ಹಿಡೀತು.

ಪತ್ರ ಉದ್ದ ಆಯ್ತು, ಗೊತ್ತು. ಕತ್ತರಿ ಹಾಕೋದಾದ್ರೆ ಗ್ರಹಾಂ ಬೆಲ್ ಕಥೆ ತೆಗೀರಿ, ಪಲ್ಪ್ ಫ್ಯಾಕ್ಟ್ರಿದೂ ತೆಗೀರಿ, ನಮ್ಮಪ್ಪನದ್ದೂ ಬೇಕಾದ್ರೆ ಚಿಕ್ಕದು ಮಾಡಿ, ಆದ್ರೆ ಸೆಲ್ ತೆಗೆದಿಡಿ ಅನ್ನೋ ಸಾಲು ದಯವಿಟ್ಟು ಬಿಡ್ಬೇಡಿ. ಆಮೇಲೆ ಆ ಹೂವಿನ ಹಾರದ ಫೋಟೋದೋರು ಇದನ್ನ ಓದಿದ್ರೆ, ನಿಮ್ಮ ಬಾಗ್ಲು ಮಿಷನ್ನನ್ನ ಈಗಲೇ ತಂದುಕೊಡಿ, ಅಂಗಡಿ ಸೋಮವಾರ ರಜೆ.

ಇಂತಿ,
ಒಬ್ಬ ರಿಪೇರಿಯವನು, ಕೋಲಾರ